ಸೂಪರ್‌ಹೀರೋ ಅಪ್ಪ-ಅಮ್ಮಂದಿರ ಭಯ

ಕಡಲ ಮೇಲೆ ಹಾರುತ್ತಿರುವ ಪುಟ್ಟ ಜೆಟ್ ವಿಮಾನದತ್ತ ಕ್ಷಿಪಣಿಗಳು ನುಗ್ಗಿ ಬರುತ್ತಿವೆ. ವಿಮಾನ ನಡೆಸುತ್ತಿರುವವಳು ಹೆಲೆನ್ ಪಾರ್, ಮೈಯನ್ನು ರಬ್ಬರಿನಂತೆ ಎಷ್ಟು ಬೇಕಾದರೂ ಹಿಗ್ಗಿಸಬಲ್ಲ ಹಳೆಯ ಸೂಪರ್‌ಹೀರೋ. ಅವಳಿಗೆ ತಿಳಿಯದಂತೆ ವಿಮಾನ ಹತ್ತಿ ಕುಳಿತ ಮಗಳು ವಯಲೆಟ್ ಮತ್ತು ಮಗ ಡ್ಯಾಶ್ ಹಿಂದೆ ಇದ್ದಾರೆ. ಒಳಗೆ ಮಕ್ಕಳಿದ್ದಾರೆ ಎಂದು ರೇಡಿಯೋದಲ್ಲಿ ಕೂಗಿ ಹೇಳಿದರೂ ಕ್ಷಿಪಣಿಗಳು ನಿಲ್ಲುವುದಿಲ್ಲ. ಆಗ ಹೆಲೆನ್ ಮಗಳಿಗೆ, ವಿಮಾನದ ಸುತ್ತ ಫೋರ್ಸ್ ಫೀಲ್ಡ್ ಹಾಕು ಎನ್ನುತ್ತಾಳೆ. ಹುಡುಗಿ ತಬ್ಬಿಬ್ಬಾಗುತ್ತಾಳೆ. ನಿನ್ನ ಶಕ್ತಿಯನ್ನು ಯಾರಿಗೂ ತೋರಿಸಬೇಡ ಎಂದು ಇಷ್ಟು ವರ್ಷ ಹೇಳುತ್ತ ಬಂದವಳು ಇದೇ ಅಮ್ಮ. ಅಷ್ಟು ದೊಡ್ಡ ಗುರಾಣಿಯನ್ನು ಅವಳು ಎಂದೂ ಹಾಕಿದವಳಲ್ಲ. ಹಾಕಲು ಹೋಗುತ್ತಾಳೆ, ಆಗುವುದಿಲ್ಲ. ಕೊನೆಗಳಿಗೆಯಲ್ಲಿ ಅಮ್ಮ ತನ್ನ ಮೈಯನ್ನೇ ಮಕ್ಕಳಿಬ್ಬರ ಸುತ್ತ ಹೊದಿಸುತ್ತಾಳೆ. ವಿಮಾನ ಚೂರುಚೂರಾಗುತ್ತದೆ.

ಬ್ರಾಡ್ ಬರ್ಡ್ ಬರೆದು ನಿರ್ದೇಶಿಸಿದ ಪಿಕ್ಸರ್ ಚಿತ್ರ ‘ದಿ ಇನ್‌ಕ್ರೆಡಿಬಲ್ಸ್’ (2004) ನೋಡಿದವರಿಗೆ ಈ ದೃಶ್ಯ ನೆನಪಿರುತ್ತದೆ. ಮಕ್ಕಳ ಸಿನಿಮಾದ ಒಂದು ರೋಚಕ ಘಟ್ಟ ಎಂದುಕೊಂಡು ಮುಂದೆ ಹೋಗಬಹುದು. ಆದರೆ ಸೂಪರ್‌ಹೀರೋ ಕಥೆಗಳನ್ನು ನಾನು ಮತ್ತೆ ಮತ್ತೆ ಓದುವುದಕ್ಕೆ, ನೋಡುವುದಕ್ಕೆ ಕಾರಣವಾದ ಪ್ರಶ್ನೆಯೊಂದು ಈ ದೃಶ್ಯದಲ್ಲಿದೆ. ಊರಿಗೆ ಊರನ್ನೇ ಕಾಯುವ, ತಮ್ಮ ಸಾವಿಗೆ ಅಂಜದ ಈ ಮಂದಿ, ಮಕ್ಕಳು ಅದೇ ದಾರಿ ಹಿಡಿಯುತ್ತೇವೆ ಎಂದಾಗ ಯಾಕೆ ಇಷ್ಟು ನಡುಗುತ್ತಾರೆ? ಒಬ್ಬ ಅಪ್ಪ ಸೂಟನ್ನು ಮಗಳ ಕೈಗೆ ಸಿಗದಂತೆ ಬಚ್ಚಿಡುತ್ತಾನೆ. ಇನ್ನೊಬ್ಬ ತಾಯಿ ಮಗಳ ಸೂಟನ್ನು ತಾನೇ ಸಿದ್ಧಮಾಡಿ ಕೊಡುತ್ತಾಳೆ. ಇಬ್ಬರ ಪ್ರೀತಿಯಲ್ಲೂ ಕೊರತೆಯಿಲ್ಲ. ವ್ಯತ್ಯಾಸ ಹುಟ್ಟುವುದು ಅವರು ಈ ಹಿಂದೆ ಏನನ್ನು ಕಂಡು ಬಂದಿದ್ದಾರೆ ಮತ್ತು ಈಗ ಅವರ ಬೆನ್ನಿಗೆ ಯಾರು ನಿಂತಿದ್ದಾರೆ ಎಂಬುದರಿಂದ.

ಹೆಲೆನ್ ಕಂಡದ್ದು ಏನು? ಮೊಕದ್ದಮೆಗಳ ಮೇಲೆ ಮೊಕದ್ದಮೆ ಬಿದ್ದು ಸರ್ಕಾರ ಸೂಪರ್‌ಹೀರೋಗಳನ್ನೇ ನಿಷೇಧಿಸಿದ ಕಾಲವನ್ನು. ಮನೆ ಬದಲಿಸಿ, ಊರು ಬದಲಿಸಿ, ಹೆಸರು ಮುಚ್ಚಿಟ್ಟು ಹದಿನೈದು ವರ್ಷ ಬದುಕಿದವಳು ಅವಳು. ಆದ್ದರಿಂದ ಮಗ ಓಟದ ಪಂದ್ಯಕ್ಕೆ ಸೇರುವ ಹಾಗಿಲ್ಲ. ಮಗಳು ಕೂದಲ ಹಿಂದೆ ಮುಖ ಮರೆಸಿಕೊಂಡು ನಡೆಯುತ್ತಾಳೆ. ಗಂಡ ಬಾಬ್ ಹಳೆಯ ದಿನಗಳ ಕನಸಿನಲ್ಲಿ ಕಳೆದುಹೋಗಿದ್ದಾನೆ, ಮನೆಯ ಭಾರವೆಲ್ಲ ಅವಳ ಹೆಗಲಿಗೆ. ಅನುಭವ ಬೇಕಾದಷ್ಟಿದೆ, ಕೈಜೋಡಿಸುವವರು ಯಾರೂ ಇಲ್ಲ. ಇಂಥ ಸ್ಥಿತಿಯಲ್ಲಿರುವ ತಾಯಿಗೆ ಹೊಳೆಯುವ ಒಂದೇ ರಕ್ಷಣೆ ‘ಬೇಡ’ ಎನ್ನುವುದು. ಆ ‘ಬೇಡ’ದ ಬೆಲೆ ವಿಮಾನದಲ್ಲಿ ಗೊತ್ತಾಗುತ್ತದೆ. ಅಪಾಯದಿಂದ ದೂರವಿಟ್ಟು ಬೆಳೆಸಿದ ಹುಡುಗಿಗೆ ಅಪಾಯ ಎದುರಾದಾಗ ಏನು ಮಾಡಬೇಕೆಂದು ಗೊತ್ತಿಲ್ಲ.

ಈ ಚಿತ್ರ ನನಗೆ ಇಷ್ಟವಾಗುವುದು ಅದರ ನಂತರದ ದೃಶ್ಯಕ್ಕಾಗಿ. ದ್ವೀಪ ತಲುಪಿದ ಮೇಲೆ ಗುಹೆಯೊಂದರಲ್ಲಿ ಹೆಲೆನ್ ಮಕ್ಕಳ ಕೈಗೆ ಮುಖವಾಡ ಕೊಡುತ್ತಾಳೆ. ಇಲ್ಲಿರುವವರು ನೀವು ಟಿವಿಯಲ್ಲಿ ನೋಡುವ ಖಳರಲ್ಲ, ಅವಕಾಶ ಸಿಕ್ಕರೆ ಮಕ್ಕಳೆಂದು ನೋಡದೆ ಕೊಲ್ಲುತ್ತಾರೆ ಎಂದು ನೇರವಾಗಿ ಹೇಳುತ್ತಾಳೆ. ಆಮೇಲೆ ಮಗಳ ಮುಂದೆ ತಪ್ಪೊಪ್ಪಿಕೊಳ್ಳುತ್ತಾಳೆ: ಅಷ್ಟು ದೊಡ್ಡ ಕೆಲಸವನ್ನು ಇದ್ದಕ್ಕಿದ್ದ ಹಾಗೆ ನಿನ್ನ ತಲೆಗೆ ಕಟ್ಟಿದ್ದು ನ್ಯಾಯವಲ್ಲ, ನಿನ್ನೊಳಗೆ ನೀನು ತಿಳಿದದ್ದಕ್ಕಿಂತ ಹೆಚ್ಚು ಶಕ್ತಿಯಿದೆ. ಇಷ್ಟು ದಿನ ಒಳಗೇ ಇಟ್ಟುಕೊಂಡಿದ್ದ ಭಯವನ್ನು ಅವಳು ಮೊದಲ ಸಲ ಮಕ್ಕಳಿಗೆ ತಿಳಿಸಿ ಹೇಳುತ್ತಾಳೆ. ಮುಂದೆ ಕಾಡಿನಲ್ಲಿ ತಮ್ಮನ ಮೇಲೆ ಗುಂಡು ಹಾರಿದಾಗ ವಯಲೆಟ್‌ಳ ಗುರಾಣಿ ತಾನಾಗಿಯೇ ಎದ್ದು ನಿಲ್ಲುತ್ತದೆ.

ಇದೇ ಚಿತ್ರದ ಎಡ್ನಾ ಮೋಡ್‌ಳನ್ನು ಇಲ್ಲಿ ನೆನೆಯಲೇಬೇಕು. ಸೂಪರ್‌ಹೀರೋಗಳಿಗೆ ಬಟ್ಟೆ ಹೊಲಿಯುವ ಕುಳ್ಳ ಹೆಂಗಸು. ಬಾಬ್ ಹೊಸ ಸೂಟಿಗೆ ಕೇಪ್ ಬೇಕು ಎಂದಾಗ ಅವಳು ಖಡಾಖಂಡಿತವಾಗಿ ಇಲ್ಲ ಎನ್ನುತ್ತಾಳೆ, ಕಾರಣವಾಗಿ ಸತ್ತವರ ಪಟ್ಟಿಯನ್ನೇ ಒಪ್ಪಿಸುತ್ತಾಳೆ. ಒಬ್ಬನ ಕೇಪ್ ಕ್ಷಿಪಣಿಯ ರೆಕ್ಕೆಗೆ ಸಿಕ್ಕಿತು, ಒಬ್ಬಳದು ವಿಮಾನದ ಟರ್ಬೈನಿಗೆ, ಇನ್ನೊಬ್ಬನದು ಎಕ್ಸ್‌ಪ್ರೆಸ್ ಲಿಫ್ಟಿಗೆ. ನಗೆ ತರಿಸುವ ದೃಶ್ಯವೇ. ಆದರೆ ಅನುಭವ ಹೇಗೆ ಕೆಲಸಕ್ಕೆ ಬರಬೇಕು ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಆ ಚಿತ್ರದಲ್ಲಿಲ್ಲ. ಎಡ್ನಾ ಯಾರಿಗೂ ಹಾರಬೇಡಿ ಎನ್ನುವುದಿಲ್ಲ. ಕಂಡ ಒಂದೊಂದು ಸಾವನ್ನೂ ಅವಳು ಹೊಲಿಗೆಯ ನಿಯಮವಾಗಿ ಬದಲಿಸಿದ್ದಾಳೆ. ಪಾರ್ ಕುಟುಂಬದ ಕೂಸಿಗೆ ಯಾವ ಶಕ್ತಿ ಬರುತ್ತದೋ ಗೊತ್ತಿಲ್ಲದ ಕಾರಣ, ಸಾವಿರ ಡಿಗ್ರಿಗೂ ಮೀರಿದ ಶಾಖ ತಾಳುವ, ಗುಂಡು ತೂರದ, ವಾಷಿಂಗ್ ಮೆಷಿನ್ನಿಗೂ ಹಾಕಬಹುದಾದ ಅಂಗಿ ಹೊಲಿದಿಟ್ಟಿರುತ್ತಾಳೆ. ಹೆತ್ತವರಿಗಿಂತ ಒಂದು ಹೆಜ್ಜೆ ದೂರದಲ್ಲಿ ನಿಂತವಳಾದ್ದರಿಂದಲೇ ಅವಳಿಗೆ ಇಷ್ಟು ಸ್ಪಷ್ಟವಾಗಿ ಯೋಚಿಸಲು ಸಾಧ್ಯವಾಯಿತು.

ಸೂಪರ್‌ಹೀರೋ ಕಥೆಗಳಲ್ಲಿ ಹಿರಿಯರ ಈ ಭಯ ಮೊದಲಿನಿಂದಲೂ ಇದ್ದದ್ದಲ್ಲ. 1940ರಲ್ಲಿ ‘ಡಿಟೆಕ್ಟಿವ್ ಕಾಮಿಕ್ಸ್’ನ 38ನೇ ಸಂಚಿಕೆಯಲ್ಲಿ ರಾಬಿನ್ ಕಾಣಿಸಿಕೊಂಡಾಗ ಬ್ಯಾಟ್‌ಮ್ಯಾನ್‌ಗೆ ಒಂದಿಷ್ಟೂ ಅಳುಕಿರಲಿಲ್ಲ. ಸರ್ಕಸ್ಸಿನ ಹಗ್ಗದಾಟದಲ್ಲಿ ಅಪ್ಪ-ಅಮ್ಮನನ್ನು ಕಳೆದುಕೊಂಡ ಡಿಕ್ ಗ್ರೇಸನ್ ಎಂಬ ಹುಡುಗನನ್ನು ಮನೆಗೆ ಕರೆತಂದು, ಮೋಂಬತ್ತಿಯ ಬೆಳಕಿನಲ್ಲಿ ಪ್ರಮಾಣ ಮಾಡಿಸಿ, ಬರಿಗಾಲ ಮೇಲೆ ಚಡ್ಡಿ ತೊಡಿಸಿ ಬಂದೂಕಿನವರ ಎದುರು ನಿಲ್ಲಿಸಿದ. ಬ್ಯಾಟ್‌ಮ್ಯಾನ್‌ಗೆ ಮಾತಾಡಲು ಒಬ್ಬ ಜೊತೆಗಾರ ಬೇಕಿತ್ತು ಎಂದು ಸೃಷ್ಟಿಕರ್ತರಲ್ಲೊಬ್ಬರಾದ ಬಿಲ್ ಫಿಂಗರ್ ಹೇಳಿದ್ದುಂಟು. ಓದುವ ಮಕ್ಕಳಿಗೂ ತಮ್ಮ ವಯಸ್ಸಿನವನೊಬ್ಬ ಕಥೆಯೊಳಗೆ ಬೇಕಿತ್ತು. ಬಕಿ, ಸ್ಪೀಡಿ ಮೊದಲಾದ ಬಾಲವೀರರು ಸಾಲುಸಾಲಾಗಿ ಬಂದರು. ಯಾರೂ ಸಾಯುವುದಿಲ್ಲ, ಆದ್ದರಿಂದ ಯಾರಿಗೂ ಹೆದರಿಕೆಯಿಲ್ಲ.

1964ರಲ್ಲಿ ಮಾರ್ವೆಲ್‌ನ ‘ಅವೆಂಜರ್ಸ್’ ಕ್ಯಾಪ್ಟನ್ ಅಮೆರಿಕನನ್ನು ಹಿಮದಿಂದ ಎಬ್ಬಿಸಿ ತಂದಾಗ ಅವನ ಜೊತೆಗಾರ ಬಕಿ ಯುದ್ಧದಲ್ಲಿ ಸತ್ತಿದ್ದ ಎಂದು ಹೇಳಲಾಯಿತು. ಅಲ್ಲಿಂದ ಮುಂದೆ ರಿಕ್ ಜೋನ್ಸ್ ಎಂಬ ಹದಿಹರೆಯದವನು ಬಕಿಯ ಜಾಗ ಕೇಳಿದಾಗಲೆಲ್ಲ ಕ್ಯಾಪ್ಟನ್ ಸಿಡಿಮಿಡಿಗೊಳ್ಳುತ್ತಾನೆ. ಆ ಹುಡುಗನ ತಪ್ಪೇನೂ ಇಲ್ಲ, ಅವನ ಮುಖದಲ್ಲಿ ಇನ್ನೊಬ್ಬ ಕಾಣುತ್ತಾನೆ ಅಷ್ಟೆ. 1971ರಲ್ಲಿ ಡೆನ್ನಿ ಓ’ನೀಲ್ ಮತ್ತು ನೀಲ್ ಆಡಮ್ಸ್ ಅವರ ಕಥೆಯಲ್ಲಿ ಇದರ ತಿರುಗುಮುರುಗು ಕಾಣುತ್ತೇವೆ. ಗ್ರೀನ್ ಆ್ಯರೋ ಸಾಕಿದ ಹುಡುಗ ರಾಯ್ ಹೆರಾಯಿನ್‌ಗೆ ಬಿದ್ದಿದ್ದಾನೆ. ಗೊತ್ತಾದ ಕ್ಷಣ ಸಾಕಿದಾತ ಅವನಿಗೆ ಹೊಡೆದು ಹೊರಗಟ್ಟುತ್ತಾನೆ. ಚಟ ಬಿಡಿಸುವ ಆ ನರಕದ ರಾತ್ರಿಗಳಲ್ಲಿ ಪಕ್ಕದಲ್ಲಿ ಕೂತವಳು ಬ್ಲ್ಯಾಕ್ ಕ್ಯಾನರಿ. ಪೋಷಕನಿಗೆ ಆಗದ್ದನ್ನು ಪೋಷಕನ ಗೆಳತಿ ಮಾಡಿದಳು. ಈ ಬಗೆಯ ಕಥೆಗಳು ನಿಧಾನವಾಗಿ ಹೇಳತೊಡಗಿದ್ದು ಇದನ್ನೇ, ಒಂದು ಮಗುವನ್ನು ಕಾಯಲು ಒಬ್ಬರು ಸಾಲದು.

ದೊಡ್ಡ ಪೆಟ್ಟು ಬಿದ್ದದ್ದು 1988ರಲ್ಲಿ. ಎರಡನೆಯ ರಾಬಿನ್ ಜೇಸನ್ ಟಾಡ್ ಬದುಕಬೇಕೋ ಸಾಯಬೇಕೋ ಎಂದು ಡಿಸಿ ಕಾಮಿಕ್ಸ್ ಓದುಗರನ್ನೇ ಕೇಳಿತು, ಎರಡು ದೂರವಾಣಿ ಸಂಖ್ಯೆ ಕೊಟ್ಟು ಮತ ಹಾಕಿಸಿತು. ಸಾಯಲಿ ಎಂದವರು 5,343, ಬದುಕಲಿ ಎಂದವರು 5,271. 72 ಮತಗಳ ಅಂತರದಲ್ಲಿ ಒಬ್ಬ ಹುಡುಗ ಸತ್ತ. ಜಿಮ್ ಸ್ಟಾರ್ಲಿನ್ ಬರೆದು ಜಿಮ್ ಅಪಾರೊ ಚಿತ್ರಿಸಿದ ‘ಎ ಡೆತ್ ಇನ್ ದ ಫ್ಯಾಮಿಲಿ’ಯ ಆ ಪುಟಗಳಲ್ಲಿ ಜೋಕರ್ ಕಬ್ಬಿಣದ ಹಾರೆಯಿಂದ ಹುಡುಗನನ್ನು ಬಡಿಯುತ್ತಾನೆ, ಬಾಂಬ್ ಇಟ್ಟು ಹೋಗುತ್ತಾನೆ. ಬ್ಯಾಟ್‌ಮ್ಯಾನ್ ಬರುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ.

ಮತಗಳ ಸಂಖ್ಯೆಯನ್ನು ಎಲ್ಲರೂ ಹೇಳುತ್ತಾರೆ. ಅದಕ್ಕೂ ಮೊದಲು ನಡೆದದ್ದನ್ನು ಹೇಳುವವರು ಕಡಿಮೆ. ಜೇಸನ್ ಮುನ್ನುಗ್ಗುವ ಸ್ವಭಾವದವನು, ಅಪ್ಪನ, ಸಾಕಿದ ಅಮ್ಮನ ಸಾವಿನ ಸಂಕಟವನ್ನು ಇನ್ನೂ ಜೀರ್ಣಿಸಿಕೊಂಡಿಲ್ಲ ಎಂದು ಬ್ಯಾಟ್‌ಮ್ಯಾನ್‌ಗೆ ತಿಳಿದಿತ್ತು. ಅವನು ಮಾಡಿದ್ದು ರಾಬಿನ್ ಕೆಲಸದಿಂದ ಹುಡುಗನನ್ನು ಬಿಡಿಸಿದ್ದು. ನಿರ್ಧಾರ ತಪ್ಪಲ್ಲ. ಆದರೆ ಬಿಡಿಸಿದ ಮೇಲೆ ಅವನ ಬಳಿ ಕೂತು ಮಾತಾಡಿದವರಿಲ್ಲ. ಹುಡುಗ ಒಬ್ಬನೇ ತನ್ನ ಹೆತ್ತತಾಯಿಯನ್ನು ಹುಡುಕಿಕೊಂಡು ದೇಶ ಬಿಟ್ಟ. ದಾರಿಯಲ್ಲಿ ಅವನೂ ಬ್ಯಾಟ್‌ಮ್ಯಾನ್‌ನೂ ಮತ್ತೆ ಕೂಡಿದರು, ಕೊನೆಗೆ ಜೋಕರ್‌ನ ಉಗ್ರಾಣದ ಹೊರಗೆ ‘ನಾನು ಬರುವ ತನಕ ಕಾಯಿ’ ಎಂದು ಹೇಳಿ ಬ್ಯಾಟ್‌ಮ್ಯಾನ್ ಬೇರೆಡೆಗೆ ಓಡಬೇಕಾಯಿತು. ತಾಯಿ ಒಳಗಿರುವಾಗ ಯಾವ ಹುಡುಗ ಕಾಯುತ್ತಾನೆ? ಕಾಯಿ ಎನ್ನುವುದು ಅಪ್ಪಣೆ. ಕಾಯುವಷ್ಟು ಹೊತ್ತು ಜೊತೆಗೆ ನಿಲ್ಲುವವರೊಬ್ಬರು ಅಲ್ಲಿ ಬೇಕಿತ್ತು.

ಆಮೇಲೆ ಬ್ಯಾಟ್‌ಮ್ಯಾನ್ ಜೇಸನ್‌ನ ಉಡುಪನ್ನು ತನ್ನ ಗುಹೆಯ ಗಾಜಿನ ಪೆಟ್ಟಿಗೆಯಲ್ಲಿ ನಿಲ್ಲಿಸಿದ. ಪ್ರತಿದಿನ ಅದರ ಮುಂದೆ ಹಾದು ಹೋಗುತ್ತಾನೆ, ಅದರ ಬಗ್ಗೆ ಮಾತಾಡುವುದಿಲ್ಲ. ಹೊಡೆತಗಳು ಒರಟಾಗುತ್ತವೆ, ಗಾಯಗಳು ಹೆಚ್ಚುತ್ತವೆ. ಇದನ್ನು ಗುರುತಿಸಿದವನು ಮನೆಯವನಲ್ಲ, ಪತ್ರಿಕೆಗಳ ಸುದ್ದಿ ಜೋಡಿಸಿ ಓದುತ್ತಿದ್ದ ಟಿಮ್ ಡ್ರೇಕ್ ಎಂಬ ಹುಡುಗ. 1989ರ ‘ಎ ಲೋನ್ಲಿ ಪ್ಲೇಸ್ ಆಫ್ ಡೈಯಿಂಗ್’ ಕಥೆಯಲ್ಲಿ ಅವನು ಮೊದಲು ಹೋಗುವುದು ಬ್ಯಾಟ್‌ಮ್ಯಾನ್ ಬಳಿಗಲ್ಲ, ಆಗಲೇ ಬೆಳೆದು ನೈಟ್‌ವಿಂಗ್ ಆಗಿದ್ದ ಡಿಕ್ ಗ್ರೇಸನ್ ಬಳಿಗೆ. ಅಪಾಯದ ಗಳಿಗೆಯಲ್ಲಿ ಟಿಮ್ ರಾಬಿನ್ ಉಡುಪು ತೊಟ್ಟಾಗ ಜೊತೆಗೆ ಹೊರಟವನು ಬಟ್ಲರ್ ಆಲ್ಫ್ರೆಡ್. ಆದರೂ ಬ್ಯಾಟ್‌ಮ್ಯಾನ್ ತಕ್ಷಣ ಒಪ್ಪುವುದಿಲ್ಲ. ಮೊದಲ ರಾಬಿನ್‌ಗೆ ಒಂದು ಪ್ರಮಾಣವಚನ ಸಾಕಿತ್ತು, ಮೂರನೆಯವನಿಗೆ ದೀರ್ಘ ತರಬೇತಿ. ನೀಲ್ ಆಡಮ್ಸ್ ವಿನ್ಯಾಸ ಮಾಡಿದ ಹೊಸ ಉಡುಪಿನಲ್ಲಿ ಚಡ್ಡಿ ಹೋಗಿ ಕಾಲು ಪೂರ್ತಿ ಮುಚ್ಚಿದೆ. ಅದೇ ಹೊತ್ತಿಗೆ, ಜೋಕರ್‌ನ ಗುಂಡಿನಿಂದ ನಡೆಯಲಾರದಂತಾದ ಹಿಂದಿನ ಬ್ಯಾಟ್‌ಗರ್ಲ್ ಬಾರ್ಬರಾ ಗಾರ್ಡನ್ ‘ಓರಾಕಲ್’ ಹೆಸರಿನಲ್ಲಿ ಕಂಪ್ಯೂಟರ್ ಮುಂದೆ ಕೂತು ಮಾಹಿತಿ ಒದಗಿಸುವ ಕೆಲಸ ಶುರುಮಾಡಿದಳು. ಮುಂದಿನ ವರ್ಷಗಳಲ್ಲಿ ಗಾಥಮ್‌ನ ಎಳೆಯ ವೀರರ ಕಿವಿಯಲ್ಲಿ ಸದಾ ಅವಳ ದನಿ ಇರತೊಡಗಿತು.

ಬ್ಯಾಟ್‌ಮ್ಯಾನ್‌ನ ಎದೆಯಲ್ಲಿ ಭಯ ಕಡಿಮೆಯಾಗಲಿಲ್ಲ. ಹೆಚ್ಚೇ ಆಯಿತು. ಆದರೆ ಆ ಭಯ ತರಬೇತಿಯಾಗಿ, ಗಟ್ಟಿ ಬಟ್ಟೆಯಾಗಿ, ಕಿವಿಯೊಳಗಿನ ದನಿಯಾಗಿ ಬದಲಾಯಿತು. ಬದಲಾಯಿಸಿದವರು ಡಿಕ್, ಆಲ್ಫ್ರೆಡ್, ಬಾರ್ಬರಾ. ಒಬ್ಬನೇ ಬಿಟ್ಟಿದ್ದರೆ ಅವನು ಇನ್ನೊಂದು ಗಾಜಿನ ಪೆಟ್ಟಿಗೆಯ ಭಯದಲ್ಲಿ ಯಾರನ್ನೂ ಹತ್ತಿರ ಸೇರಿಸುತ್ತಿರಲಿಲ್ಲ. 2005ರಲ್ಲಿ ಜಡ್ ವಿನಿಕ್ ಬರೆದ ಕಥೆಯಲ್ಲಿ ಜೇಸನ್ ಜೀವಂತವಾಗಿ ತಿರುಗಿ ಬರುತ್ತಾನೆ. ಇಷ್ಟು ವರ್ಷ ಅಪ್ಪ ಕೊರಗಿದ್ದು ತಾನು ಸಮಯಕ್ಕೆ ತಲುಪಲಿಲ್ಲ ಎಂದು. ಮಗನಿಗೆ ಆ ಬಗ್ಗೆ ದೂರೇ ಇಲ್ಲ. ನನ್ನನ್ನು ಕೊಂದವನು ಇನ್ನೂ ಯಾಕೆ ಬದುಕಿದ್ದಾನೆ ಎಂಬುದು ಅವನ ಪ್ರಶ್ನೆ. ಹೆತ್ತವರು ತಮ್ಮ ಸೋಲು ಎಂದುಕೊಂಡದ್ದು ಒಂದು, ಮಗುವಿಗೆ ನೋವಾಗಿರುವುದು ಇನ್ನೊಂದು. ಕೇಳದೆ ಇದು ಗೊತ್ತಾಗುವ ಬಗೆಯಿಲ್ಲ.

ಯಕ್ಷಗಾನದ ಅಭಿಮನ್ಯು ಕಾಳಗ ನೋಡಿ ಬೆಳೆದ ನಮಗೆ ಈ ನೋವು ಹೊಸದಲ್ಲ. ಚಕ್ರವ್ಯೂಹದ ಒಳಗೆ ಹೋಗಲು ಬರುತ್ತದೆ, ಹೊರಬರಲು ಬಾರದು ಎಂದು ಹುಡುಗ ಮುಚ್ಚುಮರೆಯಿಲ್ಲದೆ ಹೇಳಿದ್ದ. ನೀನು ದಾರಿ ಮಾಡು, ಬೆನ್ನ ಹಿಂದೆಯೇ ನಾವು ಬರುತ್ತೇವೆ ಎಂದು ಧರ್ಮರಾಯ, ಭೀಮರು ಮಾತು ಕೊಟ್ಟಿದ್ದರು. ಸೈಂಧವ ಬಾಗಿಲಲ್ಲೇ ಅವರನ್ನು ತಡೆದ. ಅಪ್ಪ ಅರ್ಜುನ ದೂರದಲ್ಲಿ ಸಂಶಪ್ತಕರೊಡನೆ ಕಾದುತ್ತಿದ್ದ. ಹುಡುಗನ ಧೈರ್ಯದಲ್ಲಾಗಲಿ ವಿದ್ಯೆಯಲ್ಲಾಗಲಿ ಅಲ್ಲಿ ಕೊರತೆಯಿರಲಿಲ್ಲ, ಹಿಂದಿನಿಂದ ಬರಬೇಕಿದ್ದವರು ಬರಲಾಗಲಿಲ್ಲ. ಬೆಂಬಲ ಎಂದರೆ ಹುರಿದುಂಬಿಸುವುದಲ್ಲ. ಬಾಗಿಲಲ್ಲಿ ತಡೆ ಬಿದ್ದರೆ ಮುಂದೇನು ಎಂದು ಹಿರಿಯರು ಮೊದಲೇ ಯೋಚಿಸಿಟ್ಟಿರಬೇಕು.

ಸೂಟು ಬಚ್ಚಿಟ್ಟ ಅಪ್ಪ ಎಂದೆನಲ್ಲ, ಅವನು ಹ್ಯಾಂಕ್ ಪಿಮ್. ಪೇಟನ್ ರೀಡ್ ನಿರ್ದೇಶನದ ‘ಆ್ಯಂಟ್-ಮ್ಯಾನ್’ (2015) ಚಿತ್ರದಲ್ಲಿ ಮೈಕೆಲ್ ಡಗ್ಲಸ್ ಮಾಡಿದ ಪಾತ್ರ. ಅವನ ಹೆಂಡತಿ ಜಾನೆಟ್ 1987ರಲ್ಲಿ ಹಾರುತ್ತಿದ್ದ ಕ್ಷಿಪಣಿಯೊಂದನ್ನು ನಿಷ್ಕ್ರಿಯಗೊಳಿಸಲು ಅಣುವಿಗಿಂತ ಕಿರಿದಾಗಿ ಕುಗ್ಗಿ ಕ್ವಾಂಟಮ್ ಲೋಕದಲ್ಲಿ ಕಣ್ಮರೆಯಾದಳು. ಮಗಳು ಹೋಪ್‌ಗೆ ಅವನು ಹೇಳಿದ್ದು, ಅಮ್ಮ ವಿಮಾನ ಅಪಘಾತದಲ್ಲಿ ಸತ್ತಳು ಎಂದು. ದಶಕಗಳು ಕಳೆದ ಮೇಲೆ ಆ ಸೂಟು ತೊಟ್ಟು ಮಾಡಬೇಕಾದ ಕೆಲಸವೊಂದು ಎದುರಾಗುತ್ತದೆ. ಹೋಪ್‌ಗೆ ಎಲ್ಲ ಬರುತ್ತದೆ. ಇರುವೆಗಳಿಗೆ ಅಪ್ಪಣೆ ಕೊಡುವುದು, ಹೊಡೆದಾಟ, ಶತ್ರುವಿನ ಕಟ್ಟಡದ ಒಳಹೊರಗು ಎಲ್ಲವೂ. ಆದರೆ ಹ್ಯಾಂಕ್ ಆರಿಸುವುದು ಜೈಲಿನಿಂದ ಬಿಡುಗಡೆಯಾದ ಸ್ಕಾಟ್ ಲ್ಯಾಂಗ್‌ನನ್ನು. ಹೊರಗಿನವನಿಗೆ ಮುಷ್ಟಿ ಕಟ್ಟುವುದನ್ನು ಹೇಳಿಕೊಡುವ ಕೆಲಸ ಮಗಳಿಗೆ! ಅಪ್ಪನಿಗೆ ತನ್ನ ಮೇಲೆ ನಂಬಿಕೆಯಿಲ್ಲ ಎಂದೇ ಅವಳು ತಿಳಿದಿರುತ್ತಾಳೆ. ಕೊನೆಗೆ ಅವಳಿಗೆ ಬಿಡಿಸಿ ಹೇಳುವವನು ಅದೇ ಸ್ಕಾಟ್: ನಾನು ಹೋದರೆ ನಿಮ್ಮಪ್ಪನಿಗೆ ನಷ್ಟವಿಲ್ಲ, ನೀನು ಹೋದರೆ ಅವನು ಉಳಿಯುವುದಿಲ್ಲ, ಅದಕ್ಕೇ ನಾನಿಲ್ಲಿರುವುದು.

ರಕ್ಷಣೆ ಎಂದುಕೊಂಡು ಹ್ಯಾಂಕ್ ಮಾಡಿದ್ದು ಮಗಳಿಗೆ ತಿರಸ್ಕಾರವಾಗಿ ಕಂಡಿತು. ಅಮ್ಮನ ಕಥೆಯನ್ನು ಮೊದಲೇ ಹೇಳಿದ್ದರೆ ಆ ವರ್ಷಗಳು ಉಳಿಯುತ್ತಿದ್ದವು. ಸತ್ಯ ಹೇಳಿದ ಮೇಲೆಯೇ ಅವನು ಚಿತ್ರದ ಕೊನೆಯಲ್ಲಿ, ತಾನು ಜಾನೆಟ್ ಜೊತೆ ಸೇರಿ ರೂಪಿಸುತ್ತಿದ್ದ ವಾಸ್ಪ್ ಸೂಟನ್ನು ಮಗಳಿಗೆ ತೋರಿಸುವುದು. 2023ರ ‘ಕ್ವಾಂಟಮೇನಿಯಾ’ದಲ್ಲಿ ಇದೇ ತಪ್ಪು, ಅಷ್ಟರಲ್ಲಿ ಬದುಕಿ ಮರಳಿದ್ದ ಜಾನೆಟ್‌ಳ ಸರದಿಗೆ ಬರುತ್ತದೆ. ಕ್ವಾಂಟಮ್ ಲೋಕದಲ್ಲಿ ತಾನು ಕಂಡದ್ದನ್ನು ಅವಳು ಮನೆಯವರಿಗೆ ಹೇಳಿರುವುದಿಲ್ಲ. ಸ್ಕಾಟ್‌ನ ಮಗಳು ಕ್ಯಾಸಿ, ಏನೂ ತಿಳಿಯದೆ, ಆ ಲೋಕಕ್ಕೆ ಸಂಕೇತ ಕಳಿಸುವ ಯಂತ್ರ ಕಟ್ಟುತ್ತಾಳೆ. ಜಾನೆಟ್ ನಿಲ್ಲಿಸು ಎಂದು ಕೂಗುವಷ್ಟರಲ್ಲಿ ಇಡೀ ಮನೆಮಂದಿ ಒಳಗೆ ಸೆಳೆಯಲ್ಪಡುತ್ತಾರೆ. ಚಿತ್ರ ಸಾಧಾರಣವಾದದ್ದು. ಆದರೆ ಈ ಒಂದು ಎಳೆ ನನಗೆ ಬಹಳ ನಿಜ ಅನ್ನಿಸಿತು. ಅನುಭವಸ್ಥರು ಬಾಯಿ ಬಿಡದಿದ್ದರೆ ಅವರ ಅನುಭವ ಮಕ್ಕಳ ಪಾಲಿಗೆ ಇದ್ದೂ ಇಲ್ಲದ ಹಾಗೆ.

ನಮ್ಮ ದೇಶದ ‘ಕ್ರಿಶ್’ (2006) ಚಿತ್ರದ ಅಜ್ಜಿಯನ್ನು ಇವರ ಪಕ್ಕದಲ್ಲಿ ಇಟ್ಟು ನೋಡಿ. ರೇಖಾ ಮಾಡಿದ ಸೋನಿಯಾ ಮೆಹ್ರಾ ಪಾತ್ರ. ಗಂಡ ಅಪಘಾತದಲ್ಲಿ ಹೋದ. ವಿಶೇಷ ಶಕ್ತಿ ಪಡೆದ ಮಗ ರೋಹಿತ್‌ನನ್ನು ವಿಜ್ಞಾನಿಯೊಬ್ಬ ಸಿಂಗಪುರಕ್ಕೆ ಕರೆಸಿಕೊಂಡ, ಸತ್ತ ಎಂಬ ಸುದ್ದಿ ಮಾತ್ರ ತಿರುಗಿ ಬಂತು. ಸೊಸೆಯೂ ಉಳಿಯಲಿಲ್ಲ. ಕೈಯಲ್ಲಿ ಒಬ್ಬ ಮೊಮ್ಮಗ, ಅವನಲ್ಲೂ ಅದೇ ಶಕ್ತಿ. ಶಾಲೆಯಲ್ಲಿ ಅವನ ಬುದ್ಧಿಯ ಬಗ್ಗೆ ಅನುಮಾನ ಬಂದೊಡನೆ ಅಜ್ಜಿ ಗಂಟುಮೂಟೆ ಕಟ್ಟಿ ಬೆಟ್ಟದ ಮೂಲೆಯೊಂದಕ್ಕೆ ಹೋಗಿಬಿಡುತ್ತಾಳೆ. ಹುಡುಗ ದೊಡ್ಡವನಾಗಿ ಸಿಂಗಪುರಕ್ಕೆ ಹೊರಟಾಗ, ಶಕ್ತಿಯನ್ನು ಯಾರಿಗೂ ತೋರಿಸುವುದಿಲ್ಲ ಎಂದು ಮಾತು ತೆಗೆದುಕೊಳ್ಳುತ್ತಾಳೆ. ಸರ್ಕಸ್ಸಿಗೆ ಬೆಂಕಿ ಬಿದ್ದು ಮಕ್ಕಳು ಸಿಕ್ಕಿಹಾಕಿಕೊಂಡಾಗ ಅವನು ಮುರಿದ ಮುಖವಾಡವೊಂದನ್ನು ಎತ್ತಿ ಕಟ್ಟಿಕೊಳ್ಳುತ್ತಾನೆ. ಅಜ್ಜಿಗೆ ಕೊಟ್ಟ ಮಾತೂ ಉಳಿಯಬೇಕು, ಮಕ್ಕಳೂ ಉಳಿಯಬೇಕು. ಸಿನಿಮಾದ ವೇಷ ಹುಟ್ಟಿದ್ದೇ ಆ ಅಜ್ಜಿಯ ಭಯದಿಂದ. ಅವಳನ್ನು ಅತಿಯಾಗಿ ಕಟ್ಟಿಹಾಕುವ ಹಿರಿಯಳು ಎಂದು ಜರೆಯಲು ನನಗೆ ಮನಸ್ಸು ಬರುವುದಿಲ್ಲ. ಅವಳ ಬಳಿ ಎಡ್ನಾ ಇರಲಿಲ್ಲ, ಆಲ್ಫ್ರೆಡ್ ಇರಲಿಲ್ಲ. ಬೆಟ್ಟ ಒಂದಿತ್ತು, ಅಲ್ಲಿ ಬಚ್ಚಿಟ್ಟಳು.

‘ಮಿಸ್ ಮಾರ್ವೆಲ್’ (2022) ಸರಣಿಯ ತಾಯಿ ಮುನೀಬಾ ಶುರುವಿನಲ್ಲಿ ಇದೇ ಅಜ್ಜಿಯಂತೆಯೇ ಇದ್ದಾಳೆ. ಅಮೆರಿಕದ ಜರ್ಸಿ ಸಿಟಿಯಲ್ಲಿ ನೆಲೆಸಿದ ಪಾಕಿಸ್ತಾನಿ ಮೂಲದ ಕುಟುಂಬ. ಮಗಳು ಕಮಲಾ ಸೂಪರ್‌ಹೀರೋಗಳ ಹುಚ್ಚಿನವಳು. ತಾಯಿಗೆ ಆ ವೇಷವೂ ಬೇಡ, ರಾತ್ರಿಯ ತಿರುಗಾಟವೂ ಬೇಡ. ಆಮೇಲೆ ಕಥೆ ಕರಾಚಿಗೆ ಹೋಗುತ್ತದೆ. ಅಲ್ಲಿರುವ ಮುನೀಬಾಳ ತಾಯಿ ಸನಾ, 1947ರ ವಿಭಜನೆಯ ರೈಲಿನ ಗದ್ದಲದಲ್ಲಿ ಕಳೆದುಹೋಗಿ ಮತ್ತೆ ಅಪ್ಪನನ್ನು ಸೇರಿದ ಮಗು. ಅವಳ ಮಾತುಗಳನ್ನೆಲ್ಲ ಮಗಳು ಹುಚ್ಚು ಕಲ್ಪನೆ ಎಂದು ತಳ್ಳಿಹಾಕಿ ದೂರ ಬಂದಿದ್ದಳು. ಕಮಲಾಳ ಶಕ್ತಿಯನ್ನು ಕಣ್ಣಾರೆ ಕಂಡ ಮೇಲೆ ಮುನೀಬಾ ಮಗಳನ್ನು ಒಪ್ಪುತ್ತಾಳೆ, ಜೊತೆಗೆ ತನ್ನ ತಾಯಿಯನ್ನೂ ಒಪ್ಪುತ್ತಾಳೆ. ಮನೆಗೆ ಮರಳಿ ಅವಳು ಮಗಳಿಗೆ ಸೂಪರ್‌ಹೀರೋ ಉಡುಪು ಕೊಡುವಾಗ ಗಂಡ, ಮಗ ಎಲ್ಲರೂ ಸುತ್ತ ಇರುತ್ತಾರೆ. ಗುಟ್ಟು ಒಬ್ಬಳ ಎದೆಯ ಭಾರವಾಗಿ ಉಳಿಯಲಿಲ್ಲ. ಅಜ್ಜಿ ಸೋನಿಯಾಗೆ ಸಿಗದೆ ಹೋದದ್ದು ಇದು.

ಹೆತ್ತವರಿಗೂ ಯಾರಾದರೂ ಬೇಕು ಎಂಬ ಮಾತನ್ನು ‘ಇನ್‌ಕ್ರೆಡಿಬಲ್ಸ್ 2’ (2018) ಬೇರೆ ಧಾಟಿಯಲ್ಲಿ ಹೇಳುತ್ತದೆ. ಈ ಸಲ ಹೆಲೆನ್ ಕೆಲಸಕ್ಕೆ ಹೊರಟಿದ್ದಾಳೆ, ಬಾಬ್ ಮನೆಯಲ್ಲಿ. ಮಗನ ಹೊಸ ಬಗೆಯ ಗಣಿತ, ಮಗಳ ಮುರಿದ ಮನಸ್ಸು, ಒಮ್ಮೆ ಬೆಂಕಿಯಾಗಿ ಒಮ್ಮೆ ಹಲವಾಗಿ ಒಮ್ಮೆ ಗೋಡೆ ತೂರಿ ಹೋಗುವ ಕೂಸು. ನಿದ್ದೆಯಿಲ್ಲದೆ ಕಣ್ಣು ಕೆಂಪಾದರೂ ಫೋನಿನಲ್ಲಿ ಹೆಂಡತಿಗೆ ಎಲ್ಲ ಚೆನ್ನಾಗಿದೆ ಎನ್ನುತ್ತಾನೆ. ಗೆಳೆಯ ಲೂಸಿಯಸ್ ಬಂದು ಅವನ ಅವಸ್ಥೆ ಕಂಡ ಮೇಲೆ ಕೂಸು ಒಂದು ರಾತ್ರಿ ಎಡ್ನಾಳ ಮನೆ ಸೇರುತ್ತದೆ. ಬೆಳಗಾಗುವಷ್ಟರಲ್ಲಿ ಅವಳು ಮಗುವಿನ ಯಾವ ಶಕ್ತಿ ಯಾವಾಗ ಎದ್ದೇಳುತ್ತದೆ ಎಂದು ಮೊದಲೇ ತಿಳಿಸುವ, ಮೈಗೆ ಬೆಂಕಿ ಹತ್ತಿದರೆ ತಾನೇ ಆರಿಸುವ ಉಡುಪು ಸಿದ್ಧಮಾಡಿರುತ್ತಾಳೆ. ಬಾಬ್ ಮಾಡಿದ್ದು ಒಂದೇ: ನಿದ್ದೆ. ಎದ್ದ ಮೇಲೆ ಅವನು ಬೇರೆಯೇ ಅಪ್ಪ. ತಾಳ್ಮೆಗೆಟ್ಟು ರೇಗುವ, ಅತಿಯಾಗಿ ತಡೆಯುವ ಎಷ್ಟೋ ಹಿರಿಯರಿಗೆ ಬೇಕಿರುವುದು ಉಪದೇಶವಲ್ಲ, ಒಂದು ರಾತ್ರಿ ಮಗುವನ್ನು ನೋಡಿಕೊಳ್ಳುವವರು.

ಈ ಎಲ್ಲ ಎಳೆಗಳೂ ಒಂದೇ ಕಡೆ ಕೂಡುವುದು ಸ್ಪೈಡರ್-ವರ್ಸ್ ಚಿತ್ರಗಳಲ್ಲಿ. ‘ಅಕ್ರಾಸ್ ದಿ ಸ್ಪೈಡರ್-ವರ್ಸ್’ (2023) ಚಿತ್ರದ ಮಿಗೆಲ್ ಓ’ಹಾರಾ ಮಗಳನ್ನು ಕಳೆದುಕೊಂಡ ಸ್ಪೈಡರ್-ಮ್ಯಾನ್. ಬೇರೆ ಜಗತ್ತಿನಲ್ಲಿ ತನ್ನಂತೆಯೇ ಇದ್ದವನೊಬ್ಬ ಸತ್ತಾಗ ಅವನ ಜಾಗದಲ್ಲಿ ಹೋಗಿ ನಿಂತು ಆ ಪುಟ್ಟ ಹುಡುಗಿಗೆ ಅಪ್ಪನಾದ. ಆ ಜಗತ್ತೇ ಕುಸಿದು ಆ ಸಂತೋಷ ಅವನ ತೋಳಿನಲ್ಲೇ ಕರಗಿಹೋಯಿತು. ತನಗೆ ಆದದ್ದನ್ನು ಅವನು ಎಲ್ಲ ಜಗತ್ತುಗಳಿಗೂ ಕಾನೂನು ಮಾಡಿಬಿಟ್ಟ: ವಿಧಿಯನ್ನು ಮುಟ್ಟಬೇಡಿ, ಮುಟ್ಟಿದರೆ ಎಲ್ಲ ಹಾಳು. ಆದ್ದರಿಂದ ಹದಿನೈದರ ಸ್ಪೈಡರ್-ಮ್ಯಾನ್ ಮೈಲ್ಸ್ ಮೊರಾಲೆಸ್ ತನ್ನ ಅಪ್ಪ ಸಾಯುವುದನ್ನು ನೋಡಿಕೊಂಡು ಸುಮ್ಮನಿರಬೇಕು. ನೂರಾರು ಸ್ಪೈಡರ್‌ಗಳ ಸೈನ್ಯವಿದ್ದರೂ ಮಿಗೆಲ್ ಒಂಟಿ. ಅವನ ಸುತ್ತ ಅಪ್ಪಣೆ ಪಾಲಿಸುವವರಿದ್ದಾರೆ, ದುಃಖ ಕೇಳುವವರಿಲ್ಲ.

ಮಿಗೆಲ್‌ನ ಅದೇ ನೆಲೆಯಲ್ಲಿ ಇನ್ನೊಬ್ಬ ಸ್ಪೈಡರ್-ಮ್ಯಾನ್ ಪೀಟರ್ ಬಿ. ಪಾರ್ಕರ್ ತನ್ನ ಮಗಳು ಮೇಡೇಯನ್ನು ಎದೆಗೆ ಕಟ್ಟಿಕೊಂಡು ಓಡಾಡುತ್ತಾನೆ. ಮೊದಲ ಚಿತ್ರದಲ್ಲಿ (2018) ಮಕ್ಕಳೇ ಬೇಡ ಎಂಬ ಹೆದರಿಕೆಯಿಂದ ಸಂಸಾರ ಕಳೆದುಕೊಂಡಿದ್ದವನು. ಆಗ ಮೈಲ್ಸ್ ಇನ್ನೂ ಸಿದ್ಧನಾಗಿಲ್ಲ ಎಂದು ಅವನನ್ನು ಬಲೆಯಿಂದ ಕುರ್ಚಿಗೆ ಬಿಗಿದು, ಬಾಯಿಗೂ ಬಲೆ ಅಂಟಿಸಿ ಹೋದವನೂ ಇವನೇ. ಆ ಹೊತ್ತಿನಲ್ಲಿ ಮೈಲ್ಸ್‌ನ ಅಪ್ಪ ಜೆಫರ್ಸನ್ ಬಂದು ಮುಚ್ಚಿದ ಬಾಗಿಲ ಆಚೆ ನಿಲ್ಲುತ್ತಾನೆ. ತಮ್ಮ ಆರನ್‌ನ ಸಾವಿನ ಸುದ್ದಿ ಹೇಳಬೇಕಿದೆ. ತಮ್ಮನಿಂದ ದೂರವಾದ ತನ್ನ ಪಾಡು ಮಗನಿಗೂ ಬರಬಾರದು ಎಂಬ ಆಸೆಯಿದೆ. ಮಗ ಉತ್ತರಿಸಲಾರ. ಆದರೂ ಅಪ್ಪ ಬಾಗಿಲು ಒಡೆಯುವುದಿಲ್ಲ, ರೇಗುವುದಿಲ್ಲ. ನಿನ್ನಲ್ಲೊಂದು ಕಿಡಿಯಿದೆ, ಅದನ್ನು ಏನು ಮಾಡಿಕೊಂಡರೂ ನೀನು ಚೆನ್ನಾಗಿಯೇ ಮಾಡುತ್ತೀಯ ಎಂಬರ್ಥದ ಮಾತು ಹೇಳಿ ಹೋಗುತ್ತಾನೆ. ಬಲೆ ಹರಿಯುವುದು ಅದಾದ ಮೇಲೆ. ಮಗ ಸ್ಪೈಡರ್-ಮ್ಯಾನ್ ಎಂದು ಅರಿಯದ ಅಪ್ಪ, ಅನುಭವಿ ಸ್ಪೈಡರ್-ಮ್ಯಾನ್‌ಗಳಿಗೆ ಆಗದ್ದನ್ನು ಮಾಡಿದ.

ಪೀಟರ್ ಅದನ್ನು ಕಲಿತ. ಮೈಲ್ಸ್‌ನನ್ನು ನೋಡಿಯೇ ತನಗೂ ಮಗು ಬೇಕೆನ್ನಿಸಿತು ಎಂದು ಅವನೇ ಹೇಳುತ್ತಾನೆ. ಎರಡನೆಯ ಚಿತ್ರದ ಕೊನೆಗೆ, ಮಿಗೆಲ್‌ನ ಕಾನೂನನ್ನು ಬದಿಗಿಟ್ಟು ಮೈಲ್ಸ್‌ನನ್ನು ಹುಡುಕಲು ಅವನ ಗೆಳತಿ ಗ್ವೆನ್ ಕಟ್ಟಿದ ತಂಡದಲ್ಲಿ ಅವನೂ ಇದ್ದಾನೆ, ಮೇಡೇಯನ್ನು ಕಟ್ಟಿಕೊಂಡೇ. ಗ್ವೆನ್ ಅಲ್ಲಿಗೆ ತಲುಪಿದ್ದು ತನ್ನ ಅಪ್ಪನೊಡನೆ ಮಾತು ಮುಗಿಸಿದ ನಂತರ. ಮುಖವಾಡ ತೆಗೆದ ಮಗಳತ್ತ ಒಮ್ಮೆ ಪಿಸ್ತೂಲು ಹಿಡಿದಿದ್ದ ಆ ಪೊಲೀಸ್ ಅಧಿಕಾರಿ ಕೆಲಸಕ್ಕೇ ರಾಜೀನಾಮೆ ಕೊಟ್ಟಿರುತ್ತಾನೆ. ಜೆಫರ್ಸನ್‌ಗೆ ಮಾತ್ರ ಇನ್ನೂ ಮಗನ ಗುಟ್ಟು ಗೊತ್ತಿಲ್ಲ. ಮೈಲ್ಸ್ ಕೊನೆಗೂ ಧೈರ್ಯ ಮಾಡಿ ತಾಯಿ ರಿಯೋಗೆ ನಿಜ ಹೇಳುತ್ತಾನೆ, ಆದರೆ ತಾನು ಬಂದಿಳಿದದ್ದು ಬೇರೆ ಜಗತ್ತಿಗೆ, ಎದುರಿಗಿರುವವಳು ಇನ್ನೊಬ್ಬ ಮೈಲ್ಸ್‌ನ ತಾಯಿ ಎಂದು ಆಮೇಲೆ ಅವನಿಗೆ ತಿಳಿಯುತ್ತದೆ. ಮುಂದಿನ ಭಾಗದಲ್ಲಿ ಜಗತ್ತುಗಳು ಉಳಿಯುತ್ತವೋ ಇಲ್ಲವೋ, ಅದರ ಚಿಂತೆ ನನಗೆ ಅಷ್ಟಾಗಿ ಇಲ್ಲ. ಆ ಹುಡುಗ ಸ್ವಂತ ಮನೆಗೆ ಹೋಗಿ, ಸ್ವಂತ ಅಪ್ಪ-ಅಮ್ಮನ ಎದುರು ಕೂತು ಇದೇ ಮಾತು ಹೇಳುವುದನ್ನು ನೋಡಬೇಕು. ಕೇಳಿದ ಮೇಲೆ ಜೆಫರ್ಸನ್ ಮಗನಿಗೆ ಏನು ಹೇಳುತ್ತಾನೆ ಎಂದು ತಿಳಿಯಬೇಕು.